ಅಮೆರಿಕದ ಎಸ್ಟೇಟ್ ಟ್ಯಾಕ್ಸ್: ಒಂದೂವರೆ ಕೋಟಿಯ ಗೆರೆ ಯಾರಿಗೆ, 60 ಸಾವಿರದ ಗೆರೆ ಯಾರಿಗೆ?

ಒಂದು ಲೆಕ್ಕದಿಂದ ಶುರು ಮಾಡೋಣ. ಒಂದೇ ಕಂಪನಿಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದ ಇಬ್ಬರು ಕನ್ನಡಿಗರು ಅಂದುಕೊಳ್ಳಿ. ಒಬ್ಬರು ಸ್ಯಾನ್ ಹೋಸೆಯಲ್ಲೇ ಉಳಿದು ಅಮೆರಿಕದ ಪೌರರಾದರು. ಮನೆ, ಷೇರು, ನಿವೃತ್ತಿ ಖಾತೆ ಎಲ್ಲ ಸೇರಿ ಅವರ ಆಸ್ತಿ 40 ಲಕ್ಷ ಡಾಲರ್. ಇನ್ನೊಬ್ಬರು ಹತ್ತು ವರ್ಷ ದುಡಿದು ಬೆಂಗಳೂರಿಗೆ ವಾಪಸ್ ಬಂದರು. ಕಂಪನಿ ಕೊಟ್ಟಿದ್ದ ಷೇರು ಮಾತ್ರ ಅಲ್ಲಿನ ಬ್ರೋಕರೇಜ್ ಖಾತೆಯಲ್ಲೇ ಉಳಿಯಿತು, 3 ಲಕ್ಷ ಡಾಲರ್. 2026ರಲ್ಲಿ ಇಬ್ಬರೂ ತೀರಿಕೊಂಡರು ಅನ್ನಿ. ಮೊದಲನೆಯವರ ಮನೆಯವರು ಎಸ್ಟೇಟ್ ಟ್ಯಾಕ್ಸ್ ಅಂತ ಒಂದು ಡಾಲರನ್ನೂ ಕಟ್ಟಬೇಕಿಲ್ಲ. ಎರಡನೆಯವರ ಮನೆಯವರು ಕಟ್ಟಬೇಕಾದದ್ದು 74,800 ಡಾಲರ್.

ಅಚ್ಚಿನ ತಪ್ಪಲ್ಲ ಇದು. ಎಸ್ಟೇಟ್ ಟ್ಯಾಕ್ಸ್ ಅಂದರೆ ಕೋಟ್ಯಧಿಪತಿಗಳ ತಲೆನೋವು, ನಮಗ್ಯಾಕೆ ಅಂತ ಸುಮ್ಮನಿರುತ್ತೇವಲ್ಲ, ಅಲ್ಲೇ ಎಡವುವುದು. ಈ ತೆರಿಗೆ ನಿಮ್ಮ ಹತ್ತಿರ ಎಷ್ಟಿದೆ ಅಂತ ಆಮೇಲೆ ಕೇಳುತ್ತದೆ. ಮೊದಲು ಕೇಳುವುದು ನೀವು ಯಾರು ಅಂತ.

ಇದು ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ. ಹಂಚುವ ಮೊದಲೇ ಆ ಆಸ್ತಿಯಿಂದ ಕಟ್ಟಬೇಕು. ಅಮೆರಿಕದಲ್ಲಿ 1916ರಿಂದ ಇದೆ. ನಮ್ಮಲ್ಲೂ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಅಂತ ಇತ್ತು, ಒಂದು ಕಾಲಕ್ಕೆ ಅದರ ದರ ಶೇ. 85ರವರೆಗೂ ಹೋಗಿತ್ತು. ಅದು ಹೋಗಿ ನಲವತ್ತು ವರ್ಷವಾಯಿತು. ಹಾಗಾಗಿ ನಮ್ಮ ತಲೆಮಾರಿಗೆ ಇಂಥದ್ದೊಂದು ತೆರಿಗೆ ಇರುತ್ತದೆ ಅನ್ನುವುದೇ ಮರೆತುಹೋಗಿದೆ.

ಹೆಜ್ಜೆ 1: ನೀವು ಯಾವ ಗುಂಪು?

ಅಮೆರಿಕದ ಕಾನೂನಿನ ಕಣ್ಣಿಗೆ ಮೂರು ಥರದ ಜನ.

ಮೊದಲನೆಯದು ಪೌರರು. ಮೈಸೂರಲ್ಲಿ ಮನೆ ಕಟ್ಟಿಕೊಂಡು ಇದ್ದರೂ ಕೈಲಿ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಈ ಗುಂಪೇ. ಪ್ರಪಂಚದ ಯಾವ ಮೂಲೆಯ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ, ಊರಿನ ಸೈಟು, ತೋಟ ಸಮೇತ. ಆದರೆ ವಿನಾಯಿತಿಯೂ ದೊಡ್ಡದು. 2026ರಲ್ಲಿ ತೀರಿಕೊಂಡವರಿಗೆ 1.5 ಕೋಟಿ ಡಾಲರ್. 2025ರಲ್ಲಿ ಇದು 1.399 ಕೋಟಿ ಇತ್ತು. 2025ರ ಕೊನೆಗೆ ಅರ್ಧಕ್ಕೆ ಇಳಿಯಬೇಕಿತ್ತು, ಆದರೆ ಆ ವರ್ಷ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ತಡೆದು 1.5 ಕೋಟಿಗೆ ಏರಿಸಿತು. ಮುಂದಕ್ಕೆ ಬೆಲೆಯೇರಿಕೆಗೆ ತಕ್ಕಂತೆ ಜಾಸ್ತಿಯಾಗುತ್ತದೆ. ನೀವು ಅಮೆರಿಕದ ಹಳೇ ಲೇಖನ ಓದಿ ‘2026ಕ್ಕೆ ವಿನಾಯಿತಿ ಅರ್ಧ ಆಗುತ್ತಂತೆ’ ಅಂತ ಹೆದರಿದ್ದರೆ, ಆ ಭಯ ಬಿಡಬಹುದು.

ಎರಡನೆಯದು ಪೌರರಲ್ಲದಿದ್ದರೂ ಅಲ್ಲೇ ನೆಲೆ ನಿಂತವರು. ಇವರಿಗೂ ಅದೇ 1.5 ಕೋಟಿ, ಅದೇ ಜಾಗತಿಕ ಲೆಕ್ಕ.

ಮೂರನೆಯದು ಉಳಿದ ಎಲ್ಲರೂ. ಇವರ ಅಮೆರಿಕದ ಆಸ್ತಿ ಮಾತ್ರ ಲೆಕ್ಕಕ್ಕೆ. ಆದರೆ ವಿನಾಯಿತಿ ಬರೀ 60 ಸಾವಿರ ಡಾಲರ್. ಬೆಲೆಯೇರಿಕೆಗೆ ತಕ್ಕಂತೆ ಇದು ಏರುವುದೂ ಇಲ್ಲ. ವಾಪಸ್ ಬಂದವರು ಮಾತ್ರವಲ್ಲ, ಅಮೆರಿಕದ ನೆಲವನ್ನೇ ಮೆಟ್ಟದೆ ಬೆಂಗಳೂರಿನ ಕಚೇರಿಯಲ್ಲಿ ಕೂತು ಕಂಪನಿ ಷೇರು ಪಡೆದವರು, ಫೋನಿನ ಆ್ಯಪ್‌ನಲ್ಲಿ ಅಮೆರಿಕದ ಷೇರು ಕೊಂಡವರು, ಎಲ್ಲರೂ ಇಲ್ಲೇ ಬರುತ್ತಾರೆ.

ಎರಡು ಮತ್ತು ಮೂರರ ನಡುವಿನ ಗೆರೆ ಸ್ವಲ್ಪ ಮಸುಕು. ಆದಾಯ ತೆರಿಗೆಗೆ ಗ್ರೀನ್ ಕಾರ್ಡ್ ಇದೆಯಾ, ಎಷ್ಟು ದಿನ ಅಲ್ಲಿದ್ದಿರಿ ಅಂತ ಎಣಿಸುತ್ತಾರೆ. ಎಸ್ಟೇಟ್ ಟ್ಯಾಕ್ಸಿಗೆ ಹಾಗಲ್ಲ. ಅಲ್ಲಿ ವಾಸ ಇದ್ದಿರಾ, ಬಿಟ್ಟುಹೋಗುವ ಗಟ್ಟಿ ಯೋಚನೆ ಇರಲಿಲ್ಲವಾ, ಇದು ಪ್ರಶ್ನೆ. ವೀಸಾದಲ್ಲಿ ಇರುವವರೂ ನೆಲೆ ನಿಂತವರು ಅನ್ನಿಸಿಕೊಳ್ಳಬಹುದು. ಗ್ರೀನ್ ಕಾರ್ಡ್ ಜೇಬಲ್ಲಿಟ್ಟುಕೊಂಡು ಊರಲ್ಲಿ ಸಂಸಾರ ಹೂಡಿದವರು ಅನ್ನಿಸಿಕೊಳ್ಳದೆಯೂ ಇರಬಹುದು. ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಸ್ನೇಹಿತರು ಎಲ್ಲರಿಗೂ ಇರುತ್ತಾರೆ, ಅಲ್ವಾ? ಆ ಮಾತಿಗಿಂತ ಅವರ ಮನೆ, ಮಕ್ಕಳ ಶಾಲೆ, ಗ್ರೀನ್ ಕಾರ್ಡ್ ಅರ್ಜಿ, ಬ್ಯಾಂಕ್ ಖಾತೆಗಳು ಜಾಸ್ತಿ ಸಾಕ್ಷಿ ಹೇಳುತ್ತವೆ. ವೀಸಾದಲ್ಲಿದ್ದು ಅಲ್ಲಿ ಮನೆ ಕೊಂಡವರಿಗೆ ಎರಡನೇ ಗುಂಪಿಗೆ ಸೇರುವುದೇ ಲಾಭ. ಹಾಗಾಗಿ ಉಯಿಲಿನಲ್ಲಿ ‘ನಾನು ಟೆಕ್ಸಸ್‌ನಲ್ಲಿ ನೆಲೆಸಿದವನು’ ಅಂತ ಒಂದು ಸಾಲು ಬರೆಸಿಡಿ. ಅದೂ ಒಂದು ಸಾಕ್ಷಿಯೇ.

ಹೆಜ್ಜೆ 2: ಯಾವುದು ಅಮೆರಿಕದ ಆಸ್ತಿ, ಯಾವುದು ಅಲ್ಲ

ಮೊದಲ ಎರಡು ಗುಂಪಿನವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಮೂರನೆಯವರು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ.

ಎಡಗಡೆ, ಲೆಕ್ಕಕ್ಕೆ ಬರುವಂಥವು. ಅಮೆರಿಕದಲ್ಲಿರುವ ಮನೆ, ಜಾಗ. ಅಲ್ಲಿರುವ ಕಾರು, ಒಡವೆಯಂಥ ವಸ್ತುಗಳು. ಮುಖ್ಯವಾಗಿ, ಅಮೆರಿಕದ ಕಂಪನಿಗಳ ಷೇರು, ಅಲ್ಲಿನ ಮ್ಯೂಚುವಲ್ ಫಂಡ್, ಅಲ್ಲಿನ ಇಟಿಎಫ್ (ಷೇರಿನ ಹಾಗೇ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಫಂಡ್). ಇವು ಯಾವ ದೇಶದ ಬ್ರೋಕರ್ ಹತ್ತಿರ ಇವೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಕಂಪನಿ ಅಮೆರಿಕದ್ದಾದರೆ ಷೇರೂ ಅಮೆರಿಕದ್ದೇ. ಅಲ್ಲಿನ 401ಕೆ, ಐಆರ್‌ಎ ನಿವೃತ್ತಿ ಖಾತೆಗಳನ್ನೂ ಸಾಮಾನ್ಯವಾಗಿ ಇಲ್ಲೇ ಸೇರಿಸುತ್ತಾರೆ.

ಬಲಗಡೆ, ಲೆಕ್ಕಕ್ಕೆ ಬರದಂಥವು. ಅಮೆರಿಕದ ಬ್ಯಾಂಕಿನ ಉಳಿತಾಯ ಖಾತೆ, ಠೇವಣಿ. ನಿಮ್ಮ ಜೀವದ ಮೇಲೆ ಮಾಡಿಸಿದ ವಿಮೆಯ ಹಣ, ವಿಮಾ ಕಂಪನಿ ಅಮೆರಿಕದ್ದಾದರೂ ಸರಿ. ಅಮೆರಿಕ ಸರ್ಕಾರದ ಹೆಚ್ಚಿನ ಬಾಂಡುಗಳು. ಭಾರತದ ಮ್ಯೂಚುವಲ್ ಫಂಡ್ ಮೂಲಕ ಅಮೆರಿಕದ ಷೇರಿನಲ್ಲಿ ಹಾಕಿದ ಹಣ. ಏಕೆಂದರೆ ಆ ಷೇರಿನ ಒಡೆಯ ಫಂಡ್, ನೀವಲ್ಲ.

ಇಲ್ಲೊಂದು ತಮಾಷೆ ನೋಡಿ. ಬ್ಯಾಂಕ್ ಖಾತೆಯಲ್ಲಿರುವ ಒಂದು ಲಕ್ಷ ಡಾಲರ್ ಬಲಗಡೆ. ಅದೇ ಹಣ ಬ್ರೋಕರೇಜ್ ಖಾತೆಯಲ್ಲಿ ನಗದಾಗಿ ಸುಮ್ನೆ ಬಿದ್ದಿದ್ದರೆ ಎಡಗಡೆ. ಷೇರು ಮಾರಿದ ದುಡ್ಡನ್ನು ಅಲ್ಲೇ ಬಿಟ್ಟು ಮರೆಯುವವರು ತುಂಬ ಜನ.

ಹೆಜ್ಜೆ 3: ಎಷ್ಟು ಕಟ್ಟಬೇಕಾದೀತು?

ಎಡಗಡೆಯ ಮೊತ್ತ 60 ಸಾವಿರ ಡಾಲರಿನ ಒಳಗಿದ್ದರೆ ತೆರಿಗೆ ಇಲ್ಲ. ದಾಟಿದರೆ ಹೀಗೆ. ದರಪಟ್ಟಿ ಶೇ. 18ರಿಂದ ಶುರುವಾಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಕೆಳಗಿನ ದರಗಳನ್ನೆಲ್ಲ ಆ ವಿನಾಯಿತಿಯೇ ನುಂಗಿಬಿಟ್ಟಿರುತ್ತದೆ. ಹಾಗಾಗಿ 60 ಸಾವಿರ ದಾಟಿದ ಮೊದಲ ಡಾಲರಿಗೇ ಶೇ. 26. ಎಂಬತ್ತು ಸಾವಿರ ದಾಟಿದರೆ 28, ಒಂದು ಲಕ್ಷ ದಾಟಿದರೆ 30, ಒಂದೂವರೆ ಲಕ್ಷ ದಾಟಿದರೆ 32, ಎರಡೂವರೆ ಲಕ್ಷ ದಾಟಿದರೆ 34. ಐದು ಲಕ್ಷ ದಾಟಿದ ಮೇಲೂ ಏರುತ್ತಾ ಹೋಗಿ ಹತ್ತು ಲಕ್ಷದಿಂದಾಚೆಗೆ 40.

ಒಂದು ಲಕ್ಷ ಡಾಲರ್ ಷೇರಿಗೆ ತೆರಿಗೆ 10,800. ಎರಡು ಲಕ್ಷಕ್ಕೆ 41,800. ಮೂರು ಲಕ್ಷಕ್ಕೆ ಮೊದಲು ಹೇಳಿದ 74,800. ಐದು ಲಕ್ಷಕ್ಕೆ 1,42,800. ಸಾವಿನ ದಿನದ ಮಾರುಕಟ್ಟೆ ಬೆಲೆ ಹಿಡಿಯುತ್ತಾರೆ. ನೀವು ಕೊಂಡ ಬೆಲೆ, ಮಾಡಿದ ಲಾಭ ಇಲ್ಲಿ ಲೆಕ್ಕಕ್ಕಿಲ್ಲ. ನಷ್ಟದಲ್ಲಿರುವ ಷೇರಿಗೂ ತೆರಿಗೆ ಇದೆ.

‘ಭಾರತದ ಜೊತೆ ಒಪ್ಪಂದ ಇದೆಯಲ್ಲ?’ ಅಂತ ಕೇಳಬಹುದು. ಇರುವುದು ಆದಾಯ ತೆರಿಗೆಯ ಒಪ್ಪಂದ. ಎಸ್ಟೇಟ್ ಟ್ಯಾಕ್ಸಿಗೆ ಬ್ರಿಟನ್, ಜರ್ಮನಿ, ಜಪಾನಿನಂಥ ಕೆಲವೇ ದೇಶಗಳ ಜೊತೆ ಒಪ್ಪಂದ ಇದೆ, ಅದರಲ್ಲಿ ಭಾರತ ಇಲ್ಲ. ನಮ್ಮಲ್ಲಿ ಈ ತೆರಿಗೆಯೇ ಇಲ್ಲದಿರುವುದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಕೊಳ್ಳಲೂ ದಾರಿ ಇಲ್ಲ.

ಹೆಜ್ಜೆ 4: ವಾಪಸ್ ಬಂದವರು ಈಗಲೇ ಮಾಡಬಹುದಾದದ್ದು

ಮಾರಿಬಿಡುವುದು. ಕೇಳಲು ತೀರಾ ಸಪ್ಪೆ, ಆದರೆ ನನ್ನ ಪ್ರಕಾರ ಹೆಚ್ಚಿನವರಿಗೆ ಇದೇ ಸರಿ. ಅದಕ್ಕೊಂದು ಒಳ್ಳೇ ಕಾಲವೂ ಇದೆ. ಬಹಳ ವರ್ಷ ಹೊರಗಿದ್ದು ಬಂದವರನ್ನು ನಮ್ಮ ಆದಾಯ ತೆರಿಗೆ ಕಾನೂನು ಶುರುವಿನಲ್ಲಿ ಅರೆ ನಿವಾಸಿ ಥರ ನೋಡುತ್ತದೆ. ಸಾಮಾನ್ಯವಾಗಿ 2 ವರ್ಷ, ಕೆಲವರಿಗೆ 3. ಆಡಿಟರುಗಳು ಇದನ್ನು ‘ಆರ್‌ಎನ್‌ಒಆರ್’ ಅನ್ನುತ್ತಾರೆ. ಆ ಅವಧಿಯಲ್ಲಿ ಹೊರದೇಶದ ಷೇರು ಮಾರಿ ಹಣವನ್ನು ಹೊರಗಿನ ಖಾತೆಗೇ ಪಡೆದರೆ ಆ ಲಾಭಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅತ್ತ ಅಮೆರಿಕವೂ, ನೀವು ಪೌರರೋ ಗ್ರೀನ್ ಕಾರ್ಡಿನವರೋ ಅಲ್ಲದಿದ್ದರೆ, ಷೇರಿನ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. ಎರಡೂ ಕಡೆ ಬಾಗಿಲು ತೆರೆದಿರುವ ಇಂಥ ಸಮಯ ಮತ್ತೆ ಬರುವುದಿಲ್ಲ. ಮಕ್ಕಳ ಸ್ಕೂಲ್ ಅಡ್ಮಿಷನ್, ಮನೆ ಹುಡುಕಾಟದ ಗಡಿಬಿಡಿಯಲ್ಲಿ ಇದು ಕೈತಪ್ಪುವುದೇ ಹೆಚ್ಚು. ಅವಧಿ ಮುಗಿದ ಮೇಲೆ ಮಾರಿದರೂ, 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಷೇರಿನ ಲಾಭಕ್ಕೆ ಭಾರತದಲ್ಲಿ ಶೇ. 12.5, ಜೊತೆಗೆ ಸರ್ಚಾರ್ಜ್, ಸೆಸ್. ಲಾಭದ ಮೇಲೆ 12.5 ಎಲ್ಲಿ, ಪೂರ್ತಿ ಬೆಲೆಯ ಮೇಲೆ 26ರಿಂದ ಶುರುವಾಗುವುದು ಎಲ್ಲಿ?

ಅಮೆರಿಕದ ಮಾರುಕಟ್ಟೆ ಬಿಡಲು ಮನಸ್ಸಿಲ್ಲ ಅನ್ನುವವರಿಗೆ ದಾರಿ ಬದಲಿಸುವುದು. ಭಾರತದ ಫಂಡ್ ಮೂಲಕ ಹಾಕಬಹುದು. ಇಲ್ಲವೇ ಐರ್ಲೆಂಡಿನಲ್ಲಿ ನೋಂದಾಯಿಸಿದ ಇಟಿಎಫ್‌ಗಳು ಸಿಗುತ್ತವೆ. ಒಳಗಿರುವುದು ಅದೇ ಅಮೆರಿಕದ ಕಂಪನಿಗಳು, ಆದರೆ ನಿಮ್ಮ ಕೈಲಿರುವುದು ಐರಿಷ್ ಫಂಡಿನ ಯೂನಿಟ್. ಅಮೆರಿಕದ ಎಸ್ಟೇಟ್ ಟ್ಯಾಕ್ಸ್ ಅದಕ್ಕೆ ತಟ್ಟುವುದಿಲ್ಲ.

ದಾನ, ಅಂದರೆ ಮನೆಯವರಿಗೆ ಗಿಫ್ಟ್ ಕೊಡುವುದು. ಇಲ್ಲಿ ಕಾನೂನು ವಿಚಿತ್ರವಾಗಿ ಉದಾರಿ. ಮೂರನೇ ಗುಂಪಿನವರು ಸತ್ತಾಗ ಅಮೆರಿಕದ ಷೇರಿಗೆ ತೆರಿಗೆ ಇದೆ, ಬದುಕಿದ್ದಾಗ ಅದನ್ನೇ ದಾನ ಕೊಟ್ಟರೆ ಅಮೆರಿಕದ ಗಿಫ್ಟ್ ಟ್ಯಾಕ್ಸ್ ಇಲ್ಲ. ಮನೆ, ಜಾಗಕ್ಕೆ ಈ ಸವಲತ್ತು ಇಲ್ಲ, ಷೇರಿಗೆ ಮಾತ್ರ. ಭಾರತದಲ್ಲಿ ಗಂಡ, ಹೆಂಡತಿ, ಮಕ್ಕಳಿಂದ ಬಂದ ದಾನಕ್ಕೂ ತೆರಿಗೆ ಇಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬೇರೆ ಬೇರೆ ಹಂಚಿಟ್ಟರೆ ಇಬ್ಬರಿಗೂ 60 ಸಾವಿರದ ಮಿತಿ ಸಿಗುತ್ತದೆ. ಆದರೆ ಹೆಂಡತಿಗೆ ಕೊಟ್ಟ ಷೇರಿನ ಆದಾಯ ಇಲ್ಲಿ ಗಂಡನ ಲೆಕ್ಕಕ್ಕೇ ಸೇರುತ್ತದೆ, ಅದನ್ನು ಮರೆಯಬೇಡಿ. ಕೊಟ್ಟಂತೆ ಮಾಡಿ ಡಿವಿಡೆಂಡ್ ನೀವೇ ತಿನ್ನುತ್ತಿದ್ದರೆ ಕೊಟ್ಟ ಹಾಗಲ್ಲ.

ವಿಮೆ ಮಾಡಿಸುವುದು. ಕಂಪನಿಯ ನಿಯಮದಿಂದಲೋ ಬೇರೆ ಕಾರಣಕ್ಕೋ ಮಾರಲು ಆಗುತ್ತಿಲ್ಲವೇ? ಹೆಜ್ಜೆ 3ರಲ್ಲಿ ಬಂದ ತೆರಿಗೆಯಷ್ಟು ಮೊತ್ತಕ್ಕೆ ಇಲ್ಲೇ ಒಂದು ಟರ್ಮ್ ಪಾಲಿಸಿ ತೆಗೆಸಿ. ಷೇರು ಸಿಕ್ಕಿಹಾಕಿಕೊಂಡರೂ ಕಟ್ಟಲು ದುಡ್ಡು ಇರುತ್ತದೆ.

401ಕೆ ವಿಚಾರಕ್ಕೆ ಒಂದೇ ಉತ್ತರ ಇಲ್ಲ. ಅರವತ್ತರ ಹತ್ತಿರ, ಅಂದರೆ ಐವತ್ತೊಂಬತ್ತೂವರೆಗೆ ಮೊದಲು ತೆಗೆದರೆ ಆದಾಯ ತೆರಿಗೆಯ ಮೇಲೆ ಶೇ. 10 ದಂಡ ಇದೆ. ವಯಸ್ಸು 40, ಖಾತೆಯಲ್ಲಿ 50 ಸಾವಿರ ಇದ್ದರೆ ಬಿಡಿ. ವಯಸ್ಸು 62, ಖಾತೆಯಲ್ಲಿ 4 ಲಕ್ಷ ಇದ್ದರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆಗೆಯುವ ಲೆಕ್ಕವನ್ನು ಎರಡೂ ದೇಶ ಬಲ್ಲ ಆಡಿಟರ್ ಹತ್ತಿರ ಹಾಕಿಸಿ.

ಕಂಪನಿ ಮಾಡಿ ಅದರ ಹೆಸರಲ್ಲಿ ಷೇರು ಇಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ಕೆಲವು ಲಕ್ಷ ಡಾಲರಿಗೆ ಅದು ಸೊಳ್ಳೆ ಹೊಡೆಯಲು ಫಿರಂಗಿ ತಂದ ಹಾಗೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ನಾಮಿನಿ ಹಾಕಿದ್ದೀನಿ, ಜಂಟಿ ಖಾತೆ ಮಾಡಿದ್ದೀನಿ, ಇನ್ನೇನು?’ ಅಂತ. ನಾಮಿನಿ ಇದ್ದರೆ ಯಾರಿಗೆ ಹೋಗಬೇಕು ಅನ್ನುವುದು ಸಲೀಸಾಗುತ್ತದೆ, ತೆರಿಗೆ ಹೋಗುವುದಿಲ್ಲ. ಜಂಟಿ ಖಾತೆಯಲ್ಲಿ, ಉಳಿದ ಸಂಗಾತಿ ಅಮೆರಿಕದ ಪೌರರಲ್ಲದಿದ್ದರೆ, ಪೂರ್ತಿ ಮೊತ್ತ ಮೊದಲು ತೀರಿಕೊಂಡವರದ್ದು ಅಂತಲೇ ಹಿಡಿಯುತ್ತಾರೆ. ನನ್ನ ದುಡ್ಡೂ ಇದರಲ್ಲಿದೆ ಅಂತ ಉಳಿದವರು ದಾಖಲೆ ತೋರಿಸಬೇಕು. ಅರ್ಧ ಅರ್ಧ ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ.

ಹೆಜ್ಜೆ 5: ಅಲ್ಲೇ ಇರುವವರು ನೋಡಿಕೊಳ್ಳಬೇಕಾದದ್ದು

ಒಂದೂವರೆ ಕೋಟಿಯ ಒಳಗಿದ್ದರೆ ಕೇಂದ್ರದ ತೆರಿಗೆ ಇಲ್ಲ ಅಂದೆ. ಆದರೆ ರಾಜ್ಯಗಳಿವೆ. ಹನ್ನೆರಡು ರಾಜ್ಯಗಳು ಮತ್ತು ವಾಷಿಂಗ್ಟನ್ ಡಿಸಿ ತಮ್ಮದೇ ಎಸ್ಟೇಟ್ ಟ್ಯಾಕ್ಸ್ ಹಾಕುತ್ತವೆ. ಒರೆಗಾನ್‌ನಲ್ಲಿ ವಿನಾಯಿತಿ 10 ಲಕ್ಷ ಡಾಲರ್ ಮಾತ್ರ, ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜುಲೈಯಲ್ಲಿ 30 ಲಕ್ಷಕ್ಕೆ ಏರಿತು. ಸಿಯಾಟಲ್ ಸುತ್ತ ಒಂದು ಮನೆ, ಇಬ್ಬರ ಕಂಪನಿ ಷೇರು ಸೇರಿದರೆ ಆ ಗೆರೆ ಅಷ್ಟೇನೂ ದೂರ ಇಲ್ಲ. ನ್ಯೂಯಾರ್ಕ್‌ನದು ಇನ್ನೊಂದು ಥರ. ಮಿತಿಯನ್ನು ಶೇ. 5ಕ್ಕಿಂತ ಜಾಸ್ತಿ ದಾಟಿದರೆ ವಿನಾಯಿತಿಯೇ ಪೂರ್ತಿ ಮಾಯ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಲ್ಲಿ ಈ ತೆರಿಗೆ ಇಲ್ಲ. ನ್ಯೂಜೆರ್ಸಿ 2018ರಲ್ಲಿ ಎಸ್ಟೇಟ್ ಟ್ಯಾಕ್ಸ್ ತೆಗೆಯಿತು, ಆದರೆ ಆಸ್ತಿ ಪಡೆದವರ ಮೇಲಿನ ತೆರಿಗೆ ಉಳಿಸಿಕೊಂಡಿದೆ. ಸಂಗಾತಿಗೆ, ಮಕ್ಕಳಿಗೆ ಬಿಟ್ಟರೆ ಇಲ್ಲ, ತಮ್ಮನ ಮಗನಿಗೆ ಬಿಟ್ಟರೆ ಇದೆ.

ಗಂಡ ಹೆಂಡತಿ ನಡುವಿನ ವಿನಾಯಿತಿಯಲ್ಲೂ ಒಂದು ಕೊಕ್ಕೆ. ಉಳಿದ ಸಂಗಾತಿ ಪೌರರಾದರೆ ಎಷ್ಟು ಬಿಟ್ಟುಹೋದರೂ ತೆರಿಗೆ ಇಲ್ಲ. ಪೌರರಲ್ಲದಿದ್ದರೆ ಆ ಸವಲತ್ತು ನೇರವಾಗಿ ಸಿಗುವುದಿಲ್ಲ. ಕ್ಯೂಡಾಟ್ ಅನ್ನುವ ವಿಶೇಷ ಟ್ರಸ್ಟಿಗೆ ಆಸ್ತಿ ಹಾಕಿ ತೆರಿಗೆಯನ್ನು ಮುಂದೂಡಬಹುದು ಅಷ್ಟೇ. ಬದುಕಿದ್ದಾಗಲೂ ಪೌರರಲ್ಲದ ಸಂಗಾತಿಗೆ ಗಿಫ್ಟ್ ಟ್ಯಾಕ್ಸ್ ಇಲ್ಲದೆ ಕೊಡಬಹುದಾದದ್ದು 2026ರಲ್ಲಿ ವರ್ಷಕ್ಕೆ 1,94,000 ಡಾಲರ್. ಉಳಿದ ಯಾರಿಗಾದರೂ ಆದರೆ ತಲಾ 19,000.

ಜೀವ ವಿಮೆಯ ನಿಯಮ ಇಲ್ಲಿ ತಿರುಗುಮುರುಗು. ಮೂರನೇ ಗುಂಪಿಗೆ ಲೆಕ್ಕಕ್ಕಿಲ್ಲದ ವಿಮೆ ಹಣ, ಪಾಲಿಸಿ ನಿಮ್ಮ ಒಡೆತನದಲ್ಲೇ ಇದ್ದರೆ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ವಿನಾಯಿತಿಯ ಮಿತಿಯ ಹತ್ತಿರ ಇರುವವರು ಪಾಲಿಸಿಯನ್ನು ಟ್ರಸ್ಟಿನ ಹೆಸರಲ್ಲೇ ಕೊಳ್ಳುತ್ತಾರೆ. ಇದ್ದ ಪಾಲಿಸಿಯನ್ನು ವರ್ಗಾಯಿಸಿದರೆ ಮೂರು ವರ್ಷ ಬದುಕಿರಬೇಕು, ಇಲ್ಲದಿದ್ದರೆ ವರ್ಗಾಯಿಸಿದ್ದು ವ್ಯರ್ಥ.

ಬದುಕಿದ್ದಾಗಲೇ ಆಸ್ತಿ ಹಾಕಿಡುವ ಲಿವಿಂಗ್ ಟ್ರಸ್ಟ್ ಮಾಡಿಸಿದರೆ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ. ಎಸ್ಟೇಟ್ ಟ್ಯಾಕ್ಸ್ ತಪ್ಪುವುದಿಲ್ಲ. ಎರಡೂ ಬೇರೆ ಬೇರೆ.

ಸಂಗಾತಿ ತೀರಿಕೊಂಡಾಗ ತೆರಿಗೆ ಇಲ್ಲ ಅಂತ ರಿಟರ್ನ್ ಸಲ್ಲಿಸದೆ ಬಿಡಬೇಡಿ. ಅವರು ಬಳಸದ ವಿನಾಯಿತಿ ಉಳಿದವರಿಗೆ ಸೇರಬೇಕಾದರೆ ಫಾರ್ಮ್ 706 ಸಲ್ಲಿಸಲೇಬೇಕು. ಬೇರೆ ಕಾರಣಕ್ಕೆ ಸಲ್ಲಿಸುವ ಅಗತ್ಯ ಇಲ್ಲದವರಿಗೆ ಸಾವಿನಿಂದ 5 ವರ್ಷದವರೆಗೂ ಅವಕಾಶ ಇದೆ.

ಇನ್ನು, ಊರಲ್ಲಿರುವ ಅಪ್ಪ ಅಮ್ಮನಿಂದ ಆಸ್ತಿ ಬಂದರೆ? ಅವರು ಭಾರತದವರು, ಆಸ್ತಿ ಭಾರತದ್ದು. ಅಮೆರಿಕದಲ್ಲಿ ತೆರಿಗೆ ಇಲ್ಲ. ಆದರೆ ವರ್ಷದಲ್ಲಿ 1 ಲಕ್ಷ ಡಾಲರ್ ದಾಟಿದರೆ ಫಾರ್ಮ್ 3520ರಲ್ಲಿ ತಿಳಿಸಬೇಕು. ತಿಳಿಸದಿದ್ದರೆ ದಂಡ ಆ ಮೊತ್ತದ ಶೇ. 25ರವರೆಗೂ ಹೋಗಬಹುದು.

ಹೆಜ್ಜೆ 6: ಲಾಭದ ಲೆಕ್ಕ, ಎರಡು ದೇಶದಲ್ಲಿ ಎರಡು ಥರ

ಅಮೆರಿಕದಲ್ಲಿ ವಾರಸುದಾರರಿಗೆ ಬಂದ ಷೇರಿನ ಕೊಂಡ ಬೆಲೆ ಅಂತ ಸಾವಿನ ದಿನದ ಬೆಲೆಯನ್ನೇ ಹಿಡಿಯುತ್ತಾರೆ. ಹಳೇ ಲಾಭವೆಲ್ಲ ಅಳಿಸಿಹೋಗುತ್ತದೆ. ಬದುಕಿದ್ದಾಗ ದಾನ ಕೊಟ್ಟರೆ ಹಳೇ ಬೆಲೆಯೇ ಮುಂದುವರಿಯುತ್ತದೆ. ಹಾಗಾಗಿ ಮಿತಿಯೊಳಗಿರುವ ಮೊದಲೆರಡು ಗುಂಪಿನವರು ತುಂಬ ಲಾಭದಲ್ಲಿರುವ ಷೇರನ್ನು ಆತುರದಿಂದ ಮಕ್ಕಳಿಗೆ ಕೊಟ್ಟರೆ ಅವರಿಗೆ ನಷ್ಟ. ಆದರೆ ಪಡೆದವರು ಭಾರತದಲ್ಲಿದ್ದು ಇಲ್ಲಿ ತೆರಿಗೆ ಕಟ್ಟುವವರಾದರೆ, ನಮ್ಮ ಕಾನೂನು ಹಿಂದಿನ ಒಡೆಯರು ಕೊಂಡ ಬೆಲೆಯನ್ನೇ ಹಿಡಿಯುತ್ತದೆ. ಆ ಹಳೇ ಕಾಗದ ಇಲ್ಲದಿದ್ದರೆ ಲಾಭ ಲೆಕ್ಕ ಹಾಕುವುದೇ ಕಷ್ಟ.

ಹೆಜ್ಜೆ 7: ಮನೆಯವರಿಗೆ ಒಂದು ಲಕೋಟೆ

ಮೂರನೇ ಗುಂಪಿನವರು ತೀರಿಕೊಂಡರೆ ಸಲ್ಲಿಸಬೇಕಾದದ್ದು ಫಾರ್ಮ್ 706-ಎನ್‌ಎ. ಗಡುವು 9 ತಿಂಗಳು. ಕೇಳಿಕೊಂಡರೆ ಸಲ್ಲಿಸಲು ಇನ್ನೂ 6 ತಿಂಗಳು ಸಿಗುತ್ತದೆ, ಆದರೆ ತೆರಿಗೆ ಕಟ್ಟುವ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ರಿಟರ್ನ್ ನೋಡಿ ಒಪ್ಪಿದ ಮೇಲೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಒಂದು ವರ್ಗಾವಣೆ ಪ್ರಮಾಣಪತ್ರ ಕೊಡುತ್ತದೆ. ಅದು ಕೈಗೆ ಬರುವವರೆಗೆ ಬ್ರೋಕರ್ ಷೇರು ಬಿಡುವುದಿಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಷೇರಿನ ಬೆಲೆ ಬಿದ್ದರೂ ಮಾರಲಾಗದು. ತೆರಿಗೆಯನ್ನು ಬೇರೆ ದುಡ್ಡಿನಿಂದ ಕಟ್ಟಬೇಕಾಗಿ ಬರುವುದು ಇದಕ್ಕೇ. ಮೇಲೆ ಹೇಳಿದ ಟರ್ಮ್ ಪಾಲಿಸಿ ನೆನಪಿದೆಯಲ್ಲ?

ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆಯಬಹುದು. ಆದರೆ ಅಮೆರಿಕದ ಆಸ್ತಿ ಒಟ್ಟು ಆಸ್ತಿಯ ಎಷ್ಟನೇ ಪಾಲೋ ಅಷ್ಟು ಮಾತ್ರ. ಅದಕ್ಕಾಗಿ ಊರಿನ ಆಸ್ತಿಯನ್ನೂ ತೋರಿಸಬೇಕು.

ಲಕೋಟೆಯೊಳಗೆ ಇವಿಷ್ಟು ಇರಲಿ. ಯಾವ ಬ್ರೋಕರ್, ಖಾತೆ ಯಾರ ಹೆಸರಲ್ಲಿ, ನಾಮಿನಿ ಯಾರು. ಷೇರು ಕೈಗೆ ಬಂದ ದಿನಾಂಕ ಮತ್ತು ಬೆಲೆಯ ಪಟ್ಟಿ. ವೆಸ್ಟ್ ಆಗದ, ಅಂದರೆ ಇನ್ನೂ ಪೂರ್ತಿ ನಿಮ್ಮದಾಗದ ಷೇರು ಸಾವಿನ ನಂತರ ಏನಾಗುತ್ತದೆ ಅಂತ ಕಂಪನಿಯ ಪ್ಲ್ಯಾನ್ ಹೇಳುವ ಪುಟದ ಪ್ರತಿ. ಕೆಲವು ಕಂಪನಿಗಳಲ್ಲಿ ಅದು ಪೂರ್ತಿ ವೆಸ್ಟ್ ಆಗಿಬಿಡುತ್ತದೆ. ಉಯಿಲಿನ ಪ್ರತಿ. ಎರಡೂ ದೇಶದ ಕೆಲಸ ಗೊತ್ತಿರುವ ಆಡಿಟರ್ ನಂಬರ್. ಹೆಜ್ಜೆ 2ರ ಆ ಗೆರೆ ಎಳೆದ ಹಾಳೆ, ಮೇಲೆ ದಿನಾಂಕ ಹಾಕಿ.

ಪಾಸ್‌ವರ್ಡ್ ಇಡುವವರು ಅದರ ಪಕ್ಕ ಇನ್ನೊಂದು ಸಾಲೂ ಬರೆಯಿರಿ: ‘ನಾನು ಹೋದ ಮೇಲೆ ಇದರಿಂದ ಲಾಗಿನ್ ಆಗಿ ಷೇರು ಮಾರಬೇಡಿ.’ ದುಃಖದಲ್ಲಿ, ಒಳ್ಳೇ ಮನಸ್ಸಿನಿಂದಲೇ ಹಾಗೆ ಮಾಡುವವರಿದ್ದಾರೆ. ಸತ್ತವರ ಹೆಸರಲ್ಲಿ ವ್ಯವಹಾರ ಮಾಡುವುದೇ ಅಕ್ರಮ. ಮೇಲಾಗಿ ತೆರಿಗೆ ಕಟ್ಟದೆ ಪಡೆದ ಆಸ್ತಿಗೆ, ಪಡೆದವರೇ ಕೈಯಿಂದ ತೆರಿಗೆ ಕಟ್ಟುವ ಹೊಣೆ ಬರುತ್ತದೆ. ಖಾತೆಯಲ್ಲಿ 60 ಸಾವಿರದ ಒಳಗೆ ಇದ್ದು, ಅಮೆರಿಕದಲ್ಲಿ ಬೇರೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದು ಅಫಿಡವಿಟ್ ಮತ್ತು ಮರಣ ಪ್ರಮಾಣಪತ್ರದಲ್ಲೇ ಕೆಲಸ ಮುಗಿಯುತ್ತದೆ.